ಸೋರದ ಮಾಳಿಗೆ

ಬಹಳ ದಿನ ಬಳಸದೆ ಇಟ್ಟ ಪ್ರೊಜೆಕ್ಟರನ್ನು ಒಮ್ಮೆಲೇ ಹಚ್ಚಿದರೆ ಒಂದು ವಾಸನೆ ಬರುತ್ತದೆ. ಒಳಗಿನ ದೀಪದ ಮೇಲೆ ಕೂತ ಧೂಳು ಸುಡುವ ವಾಸನೆ. ಕಳೆದ ತಿಂಗಳು ಗದಗಿನ ಒಂದು ಕಾಲೇಜಿನ ವಿಚಾರ ಸಂಕಿರಣದಲ್ಲಿ, ಊಟದ ನಂತರದ ಗೋಷ್ಠಿ ಶುರುವಾಗುವಾಗ, ಆ ವಾಸನೆ ಮೂಗಿಗೆ ಬಡಿಯಿತು. ಮೊದಲ ಸ್ಲೈಡು ಇನ್ನೂ ಪರದೆಯ ಮೇಲೆ ಮೂಡಿರಲಿಲ್ಲ. ನಾನು ಎದ್ದು ಹೊರಗೆ ಬಂದೆ. ಪಕ್ಕದಲ್ಲಿದ್ದವರು ಫೋನು ಬಂದಿರಬೇಕು ಅಂದುಕೊಂಡರು. ವರಾಂಡದ ಕಂಬ ಹಿಡಿದು ಮೇಲೆ ನೋಡಿದೆ. ಕಾಂಕ್ರೀಟಿನ ಸ್ಲ್ಯಾಬು, ಹೊಸದಾಗಿ ಸುಣ್ಣ ಬಳಿದದ್ದು, ಒಂದು ಬಿರುಕೂ ಇಲ್ಲ. ಆದರೂ ಮತ್ತೆ ಒಳಗೆ ಹೋಗಿ ಕೂಡಲು ಸ್ವಲ್ಪ ಹೊತ್ತು ಹಿಡಿಯಿತು.

ಕೂಡುವ ಮೊದಲು ಛಾವಣಿ ನೋಡುವ ಈ ಅಭ್ಯಾಸ ನನಗೆ ಮೇಡಂ ಅವರಿಂದ ಬಂದದ್ದು.

ಮೇಡಂ ಗದಗಿನಲ್ಲೇ ನಾನು ಮೊದಲು ಕೆಲಸ ಮಾಡಿದ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದರು. ನಾನು ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ ಆ ವಿಭಾಗದಲ್ಲಿ ಇದ್ದದ್ದು ಅವರೊಬ್ಬರೇ. ಮುಳಗುಂದದವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರು ಪಾಠ ಚೆನ್ನಾಗಿ ಮಾಡುತ್ತಿದ್ದರು ಅಂದರೆ ಸುಳ್ಳಾಗುತ್ತದೆ. ನಾಲ್ಕು ಜನರೆದುರು ನಿಂತರೆ ಸಾಕು, ಗಾಬರಿಯಾಗಿ ಮಾತಿನ ವೇಗ ಹೆಚ್ಚುತ್ತಿತ್ತು. ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತಿತ್ತು. ಹಿಂದಿನ ಬೆಂಚಿನ ಹುಡುಗರು, "ಮುಳಗುಂದ ಬಸ್ಸ ಬಿಡತೈತಿ ಅಂತ ಓಡಾಕತ್ತಾರಲೇ" ಅನ್ನುತ್ತಿದ್ದರು. ಅದು ಅವರ ಕಿವಿಗೂ ಬೀಳುತ್ತಿತ್ತು. ಒಮ್ಮೆ ಪಾಠ ನಿಲ್ಲಿಸಿ, "ಬಸ್ಸಿಗೆ ಇನ್ನಾ ಟೈಮ್ ಐತಿ, ನೀ ಬರಕೋ" ಅಂದದ್ದು ನೆನಪಿದೆ.

ಅವರ ಸಂಶೋಧನೆ ಮಣ್ಣಿನ ಮಾಳಿಗೆಗಳದ್ದು. ನಮ್ಮ ಕಡೆಯ ಹಳೆಯ ಮನೆಗಳನ್ನು ಕಂಡವರಿಗೆ ಗೊತ್ತು. ಕಲ್ಲಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಅದರ ಮೇಲೆ ಕಡ್ಡಿ ಸೊಪ್ಪು, ಎಲ್ಲದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ನೀರು ಇಳಿಯಗೊಡದ ಸವಳು ಮಣ್ಣನ್ನು ತಂದು ಮಾಳಿಗೆಯ ಮೇಲೆ ಹರವಿ, ಬಡಿದು ಗಟ್ಟಿ ಮಾಡುತ್ತಾರೆ. ಪ್ರತಿ ವರ್ಷ ಹಾಕುತ್ತಾರೆ, ಯಾರೂ ತೆಗೆಯುವುದಿಲ್ಲ. ಮಾಳಿಗೆಯ ಮಣ್ಣು ಕೆಳಗಿಳಿಯುವುದು ಮನೆ ಬಿಚ್ಚುವಾಗ, ಅಂದರೆ ಕೆಡವುವಾಗ, ಮಾತ್ರ. ಹಾಗಾಗಿ ಮಣ್ಣಿಳಿಸುವ ಮನೆಯ ಮುಂದೆ ಜನ ನಿಂತು, ಏನು ಊರು ಬಿಡುತ್ತೀರಾ, ಭಾಗ ಆಗುತ್ತೀರಾ ಎಂದು ಕೇಳುತ್ತಾರೆ. ಆ ಮಾತಿಗೆ ಹೆದರಿ ಅಜ್ಜನ ಕಾಲದ ಮಣ್ಣಿನ ಮೇಲೆ ಅಪ್ಪನ ಮಣ್ಣು, ಅದರ ಮೇಲೆ ಮಗನ ಮಣ್ಣು ಬೀಳುತ್ತಾ ಹೋಗುತ್ತದೆ.

ಈ ಮಣ್ಣಿನ ದಪ್ಪವನ್ನು ಮೇಡಂ ಮನೆಮನೆಗೆ ಹೋಗಿ ಅಳೆಯುತ್ತಿದ್ದರು. ಅದಕ್ಕೆ ಅವರು ಬಳಸುತ್ತಿದ್ದದ್ದು ಬಟ್ಟೆ ಹರಿದುಹೋದ ಒಂದು ಛತ್ರಿಯ ನಡುಗೋಲು. ಅದನ್ನು ಮಾಳಿಗೆಗೆ ಚುಚ್ಚಿ, ಎಲ್ಲಿಯವರೆಗೆ ಮಣ್ಣು ಮೆತ್ತಿದೆ ನೋಡಿ, ಟೇಪು ಹಿಡಿಯುವುದು. ಊರೊಳಗೆ ಹೆಂಗಸರು, "ಅಕ್ಕಾರ, ಛತ್ರಿ ಅರಬಿ ಎಲ್ಲಿ ಕಳಕೊಂಡ್ರಿ?" ಎಂದು ಕೇಳಿ ನಗುತ್ತಿದ್ದರು. ನಮ್ಮ ಕಡೆ ಹಳ್ಳಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕಾರು ಅನ್ನುತ್ತಾರೆ. ಮೇಡಂ ಅವರೂ ನಗುತ್ತಿದ್ದರು. ಮನೆಯೊಳಗೆ ಬಂದರೆ ಮಾತ್ರ ಮೊದಲು ತಲೆ ಎತ್ತಿ ತೊಲೆ ನೋಡಿ, ಆಮೇಲೆ ಕೂಡುತ್ತಿದ್ದರು.

ಎರಡು ಮೂರು ಬೇಸಿಗೆಗಳಲ್ಲಿ ಅವರಿಗೆ ತಿಳಿದದ್ದು ಕೇಳಲು ಸರಳವಾಗಿತ್ತು. ಸೋರುವ ಮನೆಗೆ ಜನ ಹೆದರುತ್ತಾರೆ. ಹೆದರಬೇಕಾದದ್ದು ಸೋರದ ಮನೆಗೆ. ಸೋರುವುದಿಲ್ಲ ಅಂದರೆ ಅದರ ಮೇಲೆ ಅಷ್ಟು ಮಣ್ಣು ಕೂತಿದೆ ಎಂದೇ ಅರ್ಥ. ತೊಲೆ ಎಷ್ಟು ಹೊರುತ್ತದೋ ಅಷ್ಟು ಹೊತ್ತು, ಒಂದು ಮಳೆಗೆ ಆ ಮಣ್ಣು ನೀರು ಕುಡಿದು ಭಾರವಾದಾಗ...

ಇದನ್ನು ಅವರು ಧಾರವಾಡದ ಕಡೆ ಒಂದು ಸಂಕಿರಣದಲ್ಲಿ ಮಂಡಿಸಿದರು. ಸ್ಲೈಡು ಮಾಡಿಕೊಟ್ಟದ್ದು ನಾನು. ದೀಪ ಬೆಳಗುವುದು, ಸ್ವಾಗತಗೀತೆ, ಶಾಲು, ಹಣ್ಣಿನ ಬುಟ್ಟಿ, ಅತಿಥಿಗಳ ಮಾತು ಎಲ್ಲಾ ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಊಟದ ನಂತರ ಮೇಡಂ ಎದ್ದಾಗ ಅರ್ಧ ಸಭಾಂಗಣ ತೂಕಡಿಸುತ್ತಿತ್ತು. ಅವರು ಎಂದಿನಂತೆ ಓಡುತ್ತಾ ಮಾತಾಡಿದರು. ಗೋಷ್ಠಿಯ ಅಧ್ಯಕ್ಷರು ಗಡಿಯಾರ ನೋಡಿ ಮೈಕು ಎಳೆದುಕೊಂಡರು.

"ಮೇಡಂ, ಛಲೋ ಕೆಲಸ ಮಾಡೀರಿ. ಆದ್ರ ಇಲ್ಲಿ ಕುಂತಾವ್ರೆಲ್ಲಾ ಸ್ಲ್ಯಾಬಿನ ಮನ್ಯಾಗ ಮಲಗಾವ್ರು. ನಮ್ಮನ್ನ ಹೆದರಿಸಿ ಏನ್ ಮಾಡ್ತೀರಿ?"

ಸಭೆ ಎಚ್ಚರಾಗಿ ನಕ್ಕಿತು. ಯಾರೋ ಒಬ್ಬರು ನಕಾಶೆಗೆ ಯಾವ ಸಾಫ್ಟ್‌ವೇರ್ ಬಳಸಿದ್ದು ಎಂದು ಕೇಳಿದರು. ಮತ್ತೆ ಯಾರೂ ಏನೂ ಕೇಳಲಿಲ್ಲ. ಚಹಾ ಎಂದು ಹೇಳಿದ್ದೇ ಇಡೀ ಸಭಾಂಗಣ ಎದ್ದು ನಡೆಯಿತು. "ನೋಡವಾ, ಚಾ ಅಂದ್ರ ಹೆಂಗ ಶಿಸ್ತಿಲೆ ಹೊಂಟಾರ" ಎಂದು ಮೇಡಂ ನನ್ನ ಕಿವಿಯಲ್ಲಿ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣಿಗೇರಿಯವರೆಗೆ ಅವರು ಟಿಪ್ಪಣಿಯ ಹಾಳೆಗಳನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. ಆಮೇಲೆ ಕಿಟಕಿ ನೋಡುತ್ತಲೇ, "ಆ ಮನಿಷ್ಯಾ ಚಾಷ್ಟಿಗೆ ಅಂದ. ಆದ್ರ ಖರೆ ಐತಿ. ಇದನ್ನ ತೋರಿಸಬೇಕಾದವ್ರಿಗೆ ತೋರಿಸಿಲ್ಲ ನಾವು" ಅಂದರು.

ತೋರಿಸಬೇಕಾದವರು ಅಂದರೆ ಅವರ ಮನಸ್ಸಿನಲ್ಲಿ ಇದ್ದದ್ದು ಡೋಣಿಯ ಒಂದು ಮನೆ. ಕಪ್ಪತಗುಡ್ಡದ ಬುಡದ ಆ ಊರಿನಲ್ಲಿ ಅದು ದೊಡ್ಡ ಮನೆ, ಹೊಲ ಮನೆ ಇದ್ದ ಕುಟುಂಬ. ಮೇಡಂ ಅಳೆದ ಮಾಳಿಗೆಗಳಲ್ಲಿ ಅತಿ ದಪ್ಪ ಮಣ್ಣು ಇದ್ದದ್ದು ಅಲ್ಲಿ. ಛತ್ರಿಯ ಕೋಲು ಪೂರ್ತಿ ಇಳಿದು ಹಿಡಿಕೆ ಮಾತ್ರ ಉಳಿದಿತ್ತು. ಆ ಮನೆಯ ಹಿರಿಯರನ್ನು ಊರೇ ಅಜ್ಜಾರು ಅನ್ನುತ್ತಿತ್ತು, ನಾವೂ ಹಾಗೇ ಕರೆದೆವು. ಅವರಿಗೆ ಆ ಮಾಳಿಗೆ ಮೀಸೆಯ ಹಾಗೆ. "ನಾ ಹುಟ್ಟಿದಾಗಿಂದ ನನ್ನ ತಲಿಮ್ಯಾಲ ಇದು ಒಂದ ಹನಿ ಉದುರಿಸಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಣ್ಣಿಳಿಸಿರಿ ಎಂದು ಮೇಡಂ ಹೇಳಿದಾಗ ಅವರಿಗೆ ಸಿಟ್ಟು ಬರಲಿಲ್ಲ, ನಗು ಬಂತು.

"ಅಕ್ಕಾರ, ಈ ಮನಿ ಮಣ್ಣ ಇಳಿಸಿದ್ರ ಊರಾಗ ಏನಂತಾರ ಗೊತ್ತೈತೇನ್ರಿ? ಮುದಕಾ ಮನಿ ಬಿಚ್ಚಾಕತ್ತಾನ, ಮಕ್ಕಳು ಬ್ಯಾರೆ ಆಗಾಕತ್ತಾರ ಅಂತಾರ."

ಅವರ ಸೊಸೆ ಒಳಗಿನಿಂದ ಚಹಾ ತಂದಿಟ್ಟು ಹೋದಳು. ನಾವು ಹೊರಡುವಾಗ ಹಿತ್ತಿಲ ಬಾಗಿಲಲ್ಲಿ ನಿಂತು, ಮಾವನಿಗೆ ಕೇಳದ ಹಾಗೆ, "ಅಕ್ಕಾರ, ಮುಂಜಾನೆ ನಾದಿಟ್ಟ ಹಿಟ್ಟಿನ ಮ್ಯಾಲೂ ಮಣ್ಣ ಬಿದ್ದಿರತೈತ್ರಿ. ಮೊದಲ ಹಿಂಗ ಇದ್ದಿದ್ದಿಲ್ಲ" ಅಂದಳು. ನನ್ನ ವಯಸ್ಸಿನವಳು. ಮದುವೆಯಾಗಿ ಬಂದಾಗಿನಿಂದ ಮಾವನೆದುರು ನೇರ ಮಾತಾಡಿದವಳಲ್ಲ ಎಂದು ಆಮೇಲೆ ತಿಳಿಯಿತು.

ಮೇಡಂ ಸ್ಲೈಡುಗಳನ್ನು ಮತ್ತೆ ಮಾಡಿಸಿದರು. ಇಂಗ್ಲಿಷ್ ತೆಗೆದರು, ಗೆರೆಯ ನಕ್ಷೆಗಳನ್ನು ತೆಗೆದರು. ಮುಳಗುಂದದಲ್ಲಿ ಅರ್ಧ ಬಿದ್ದ ಒಂದು ಮನೆಯ ಫೋಟೋ ಹಾಕಿದರು, ಅದರಲ್ಲಿ ವರ್ಷ ವರ್ಷದ ಮಣ್ಣು ರೊಟ್ಟಿ ಒಟ್ಟಿದ ಹಾಗೆ ಪದರ ಪದರವಾಗಿ ಕಾಣುತ್ತಿತ್ತು. ನಾಲ್ಕು ಕಂಬಗಳ ನಡುವಿನ ಜಾಗದ ಮೇಲೆ ಎಷ್ಟು ಭಾರ ಕೂತಿದೆ ಎಂದು ತೋರಿಸಲು ಮಾಳಿಗೆಯ ಚಿತ್ರದ ಮೇಲೆ ಜೋಳದ ಚೀಲಗಳನ್ನು ಜೋಡಿಸಿದರು. ಅಂಕಿಗಿಂತ ಅದು ಬೇಗ ತಿಳಿಯುತ್ತದೆ ಎನ್ನುವುದು ಅವರ ಲೆಕ್ಕ. ಕೊನೆಯಲ್ಲಿ ಮಣ್ಣನ್ನು ಹೇಗೆ ಇಳಿಸಬೇಕು ಎಂಬ ಚಿತ್ರಗಳು. ಇಡೀ ಮಾತನ್ನು ನನ್ನೆದುರು ಎಷ್ಟೋ ಸಲ ಹೇಳಿ ನೋಡಿದರು. ಪ್ರತಿ ಸಲವೂ ಓಡಿದರು.

ಏಪ್ರಿಲ್ ಕೊನೆಗೆ, ಪರೀಕ್ಷೆಗಳು ಮುಗಿದ ಮೇಲೆ, ಕಾಲೇಜಿನ ಪ್ರೊಜೆಕ್ಟರು ಹೊತ್ತು ಮುಂಡರಗಿ ಬಸ್ಸು ಹತ್ತಿದೆವು. ಹಿಂದಿನ ವಾರ ಆ ಕಡೆ ಅಡ್ಡಮಳೆ ಜೋರಾಗಿ ಹೊಡೆದಿತ್ತು. ಡಂಬಳ ದಾಟುವಾಗ ಹೊಲಗಳು ಇನ್ನೂ ಕಪ್ಪಗೆ ತೇವವಾಗಿದ್ದವು. ಮೇಡಂ ಅದನ್ನೇ ನೋಡುತ್ತಿದ್ದರು.

ಮಾತು ಇಟ್ಟುಕೊಂಡದ್ದು ಡೋಣಿಯ ಶಾಲೆಯಲ್ಲಿ. ಆದರೆ ಶಾಲೆಯ ಕಿಟಕಿಗಳಿಗೆ ಕದವೇ ಇರಲಿಲ್ಲ. ಹಾಡು ಹಗಲಲ್ಲಿ ಗೋಡೆಯ ಮೇಲೆ ಬಿಟ್ಟ ಚಿತ್ರ ತೊಳೆದ ಬಟ್ಟೆಯಂತೆ ಬಿಳಿಚಿಕೊಂಡಿತು. "ಏನೂ ಕಾಣವಲ್ದಲ್ರೀ" ಎಂದು ಜನ ನಕ್ಕರು. ಕತ್ತಲಾಗುವವರೆಗೆ ಕಾಯೋಣವೆಂದರೆ ಸಂಜೆಗೆ ಕರೆಂಟು ಇರುವುದಿಲ್ಲ. ಆಗ ಅಜ್ಜಾರು ಎದ್ದು ನಿಂತರು.

"ನಮ್ಮ ಪಡಸಾಲಿಗೆ ಬರ್ರಿ. ಹಗಲಾಗೂ ಕತ್ತಲ ಇರತೈತಿ. ನಮ್ಮ ಮನ್ಯಾಗ ಕುಂತು ನಮ್ಮ ಮನಿ ಬೀಳತೈತಿ ಅಂತ ಹೇಳ್ರಿ, ನೋಡೂಣು."

ಎಲ್ಲರೂ ಮತ್ತೆ ನಕ್ಕರು. ಮೇಡಂ ನಗಲಿಲ್ಲ. ಬೇಡ ಅಂದರು. ಇನ್ನೊಂದು ದಿನ ಬರುತ್ತೇವೆ ಅಂದರು. ಆದರೆ ಜನ ಆಗಲೇ ಆ ಕಡೆ ಹೊರಟಿದ್ದರು. ಅಂಥ ಊರಲ್ಲಿ ದೊಡ್ಡ ಮನೆಯವರು ಕರೆದ ಮೇಲೆ ಒಲ್ಲೆ ಎಂದು ಬಸ್ಸು ಹತ್ತಿದರೆ ಮತ್ತೆ ಯಾರೂ ನಮ್ಮ ಮಾತಿಗೆ ಬರುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಪಡಸಾಲೆಯೊಳಗೆ ಹೋಗಿ ಬಹಳ ಹೊತ್ತು ತಲೆ ಎತ್ತಿ ನಿಂತರು. ಕಂಬ ಕಂಬಕ್ಕೂ ಕೈ ಹಚ್ಚಿದರು. ನಂತರ, "ಅಜ್ಜಾರ, ಒಂದ ಮಾತು. ಮಾಳಗಿ ಮ್ಯಾಲ ಯಾರೂ ಹತ್ತಬಾರದು" ಅಂದರು.

"ಒಬ್ಬ ಹುಡುಗನೂ ಹತ್ತಂಗಿಲ್ಲ, ನನಗ ಬಿಡ್ರಿ" ಎಂದು ಅಜ್ಜಾರು ಹುಡುಗರನ್ನೆಲ್ಲ ಗದರಿಸಿ ಒಳಗೆ ಕೂಡಿಸಿದರು.

ಪಡಸಾಲೆಗೆ ಕಿಟಕಿ ಇರಲಿಲ್ಲ. ನಡುವೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದನ್ನು ಅಜ್ಜಾರು ಆಗಲೇ ಮೇಲಿನಿಂದ ಗೋಣಿಚೀಲ ಹಾಕಿಸಿ ಮುಚ್ಚಿಸಿದ್ದರು. ಒಳಗೆ ಗಂಡಸರು ಒತ್ತೊತ್ತಾಗಿ ಕೂತರು. ನಾನು ಬಾಗಿಲ ಹತ್ತಿರ ಪ್ರೊಜೆಕ್ಟರಿನ ಪಕ್ಕದಲ್ಲಿದ್ದೆ. ಅಜ್ಜಾರು ನಡುವೆ, ದೊಡ್ಡ ತೊಲೆಯ ಕೆಳಗೆ, ಕುರ್ಚಿ ಹಾಕಿಸಿಕೊಂಡರು. ಹಚ್ಚಿದ ಕೂಡಲೇ ಧೂಳು ಸುಡುವ ಆ ವಾಸನೆ ಪಡಸಾಲೆ ತುಂಬಿತು. ಯಾರೋ ಕೆಮ್ಮಿದರು.

ಮೇಡಂ ಶುರುಮಾಡಿದರು. ಓಡಿದರು. ಆದರೆ ಇಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ಬಿದ್ದ ಮನೆಯ ಫೋಟೋ ಬಂದಾಗ, ಇದು ಯಾರ ಮನೆ, ಯಾವ ಓಣಿ ಎಂದು ಕೇಳಿದರು. ಜೋಳದ ಚೀಲಗಳ ಚಿತ್ರ ಬಂದಾಗ ಅಜ್ಜಾರು, "ಇಷ್ಟ ಜ್ವಾಳಾ ನಮ್ಮ ಹೊಲದಾಗ ಬೆಳದಿದ್ರ ಛಲೋ ಇತ್ತು" ಅಂದರು. ನಗೆ ಎದ್ದಿತು. ಮೇಡಂ ಕೂಡ ನಕ್ಕು, "ಬೆಳದಿಲ್ಲ, ಆದ್ರ ಹೊತ್ತೀರಿ ಅಜ್ಜಾರ. ನಿಮ್ಮ ತಲಿಮ್ಯಾಲೇ ಐತಿ" ಅಂದರು. ಅವರ ಮಾತು ಸಭೆಗೆ ತಾಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಗ ಮೇಲಿನಿಂದ ಒಂದು ಬಿಸಿಲ ಪಟ್ಟಿ ಇಳಿದು ಗೋಡೆಯ ಮೇಲೆ ಬಿತ್ತು. ಚೀಲಗಳ ಚಿತ್ರ ಅರ್ಧ ಅಳಿಸಿಹೋಯಿತು.

ಅಜ್ಜಾರು ತಲೆ ಎತ್ತದೆಯೇ ಕೂಗಿದರು. "ಏಯ್, ಚೀಲಾ ಎಳೀರವಾ! ಚಿತ್ರ ಕಾಣವಲ್ದು!"

ಮೇಲೆ ಬಳೆಗಳ ಸದ್ದು. ನಾಲ್ಕಾರು ಹೆಂಗಸರ ಕಿಸಿಕಿಸಿ ನಗು. ಮೇಡಂ ಗೋಡೆಯತ್ತ ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತರು.

"ಅಜ್ಜಾರ, ಮ್ಯಾಲ ಯಾರದಾರ?"

"ಹೆಣ್ಮಕ್ಕಳ್ರಿ. ಅವ್ರ ಜಾಗಾ ಅದು. ಮದಿವಿ ಆಗ್ಲಿ, ಪುರಾಣ ಆಗ್ಲಿ, ಬೆಳಕಿಂಡಿ ಸುತ್ತ ಕುಂತ ನೋಡತಾರ. ಗಂಡಸರೊಳಗ ಬಂದ ಕುಂಡ್ರಂಗಿಲ್ಲ ನಮ್ಮಲ್ಲಿ."

ಅವರು ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ಅವರ ಲೆಕ್ಕದಲ್ಲಿ ಮಾಳಿಗೆ ಹತ್ತುವುದು ಅಂದರೆ ಹುಡುಗರು ಹತ್ತಿ ಕುಣಿಯುವುದು. ಮನೆಯ ಹೆಣ್ಣುಮಕ್ಕಳು ಬೆಳಕಿಂಡಿಯ ಬಳಿ ಕೂಡುವುದು ಹತ್ತುವುದಾಗಿರಲಿಲ್ಲ, ಅದು ಆ ಮನೆಯ ರೀತಿ. ಅಕ್ಕಪಕ್ಕದ ಮಾಳಿಗೆಗಳಿಂದ ದಾಟಿಕೊಂಡು ಓಣಿಯ ಹೆಂಗಸರೆಲ್ಲ ಬಂದು ಕೂತಿದ್ದರು. ಸೊಸೆಯೇ ಕರೆದಿದ್ದಳಂತೆ. ಹಿಟ್ಟಿನ ಮೇಲೆ ಬೀಳುವ ಮಣ್ಣಿನ ವಿಷಯ ಅಕ್ಕಾರು ಹೇಳುತ್ತಾರೆ, ನೀವೂ ಕೇಳಿರಿ ಎಂದು.

ಯಾರೋ ಚೀಲ ಎಳೆದರು. ಮತ್ತೆ ಕತ್ತಲಾಯಿತು. ಪ್ರೊಜೆಕ್ಟರಿನ ಬೆಳಕು ಮಾತ್ರ ಪಡಸಾಲೆಯ ಉದ್ದಕ್ಕೂ ಕೋಲಿನಂತೆ ಚಾಚಿತ್ತು. ಆ ಬೆಳಕಿನಲ್ಲಿ, ದೊಡ್ಡ ತೊಲೆಯ ಕೆಳಗೆ, ಮಣ್ಣು ಉದುರುತ್ತಿತ್ತು. ಮೊದಲು ಹಿಟ್ಟಿನ ಹಾಗೆ ಸಣ್ಣಗೆ. ಆಮೇಲೆ ರವೆಯ ಹಾಗೆ. ಆ ಬೆಳಕು ಇರದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೇಡಂ ನೋಡಿದರು. ನಾನು ಅವರನ್ನು ನೋಡಿದೆ.

ನೆನೆಯುವಾಗ ಈಗಲೂ ನಾನು ಈ ಜಾಗದಲ್ಲೇ ನಿಲ್ಲುತ್ತೇನೆ. ಅವರು ಕೂಗಿದ್ದರೆ ಮೇಲಿನ ಹೆಂಗಸರೆಲ್ಲ ಒಮ್ಮೆಲೇ ಎದ್ದು ಓಡುತ್ತಿದ್ದರು. ಕೆಳಗಿನ ಗಂಡಸರು ಒಂದೇ ಬಾಗಿಲಿಗೆ ನುಗ್ಗಿ ಕಂಬಗಳಿಗೆ ಬಡಿಯುತ್ತಿದ್ದರು. ಹೆಂಗಸರು ಚೀಲ ಸರಿಸದೆ ಸುಮ್ಮನೆ ಕೂತಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ... ಇದನ್ನೆಲ್ಲ ನಾನು ಬೇರೆ ಬೇರೆ ಥರ ನಡೆಸಿ ನೋಡಿದ್ದೇನೆ. ಪ್ರತಿ ಸಲವೂ ಮಣ್ಣು ಬೇಗ ಬೀಳುತ್ತದೆ.

ಮೇಡಂ ಕೂಗಲಿಲ್ಲ. ಅವರು ಅಷ್ಟು ನಿಧಾನವಾಗಿ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಇಲ್ಲಿಗೆ ಅರ್ಧಾ ಆತ್ರಿ. ಈಗ ಚಾ ಕುಡದ ಬರೂಣು. ಗುಡಿ ಕಟ್ಟಿಮ್ಯಾಲ ಚಾ ಐತಿ. ಬಾಗಲಾ ಸಣ್ಣದು, ಬಾಗಲಕಡೆ ಕುಂತಾವ್ರು ಮೊದಲ ಏಳ್ರಿ. ಎಲ್ಲಾರಿಗೂ ಸಿಗತೈತಿ, ಗಡಿಬಿಡಿ ಬ್ಯಾಡ."

ಗುಡಿಯ ಕಟ್ಟೆಯ ಮೇಲೆ ಚಹಾ ಇರಲಿಲ್ಲ. ನಾವು ತಂದದ್ದು ಪ್ರೊಜೆಕ್ಟರು, ಲ್ಯಾಪ್‌ಟಾಪು, ಒಂದು ಬಾಟಲಿ ನೀರು. ಜನ ಎದ್ದರು. ಒಬ್ಬ ಬಾಗಿಲಲ್ಲಿ ನಿಂತು, "ಬರೇ ಚಾ ಏನ್ರಿ ಅಕ್ಕಾರ?" ಅಂದ.

"ಮಿರ್ಚಿನೂ ಐತಿ. ಆರಿ ಹೊಕ್ಕಾವು, ನಡೀರಿ."

ಸಾಲು ಹೊರಗೆ ಸರಿಯುತ್ತಿರುವಾಗ ಅವರು ಬೆಳಕಿಂಡಿಯ ಕೆಳಗೆ ಬಂದು ಮೇಲೆ ನೋಡಿ ಅದೇ ಧ್ವನಿಯಲ್ಲಿ ಹೇಳಿದರು. "ಯವ್ವಾ, ನೀವ್ಯಾರೂ ಎದ್ದ ನಿಂದರಬ್ಯಾಡ್ರಿ. ಕುಂತಲ್ಲೇ ಹಿಂದಕ ಸರಕೋಂತ ಹೋಗ್ರಿ, ಗ್ವಾಡಿ ಸಿಗೂತನಾ. ಒಬ್ಬೊಬ್ಬರಾಗಿ."

"ನಮಗ ಚಾ ಇಲ್ಲೇನ್ರಿ?" ಮೇಲಿನಿಂದ ಒಂದು ಧ್ವನಿ ಕೇಳಿತು.

"ನಿಮಗ ಮೊದಲ. ಎದ್ದ ನಿಂತಾವ್ರಿಗೆ ಮಾತ್ರ ಇಲ್ಲ."

ಅವರು ನಗುತ್ತಲೇ ಸರಿದರು. ಬಳೆಗಳ ಸದ್ದು ದೂರವಾಗುತ್ತಾ ಹೋಯಿತು. ಮೇಡಂ ನನ್ನ ಕಡೆ ತಿರುಗಿ, "ನೀ ಹೊರಗ ನಡಿ. ಏನೂ ತಗೋಬ್ಯಾಡ" ಅಂದರು. ನಾನು ಹೊಸ್ತಿಲು ದಾಟಿ ನಿಂತೆ. ಅಲ್ಲಿಂದ ಒಳಗಿನದೆಲ್ಲ ಕಾಣುತ್ತಿತ್ತು. ಪಡಸಾಲೆ ಖಾಲಿಯಾಗಿತ್ತು. ಅಜ್ಜಾರು ಮಾತ್ರ ಕುರ್ಚಿಯಲ್ಲಿ ಕೂತೇ ಇದ್ದರು. ಚಹಾದ ಮಾತು ನೆಪವೆಂದು ಅವರಿಗೆ ತಿಳಿದಿತ್ತು.

"ಅಜ್ಜಾರ, ಏಳ್ರಿ."

"ನೀವ್ ಹೋಗ್ರಿ ಅಕ್ಕಾರ. ನಾ ಎದ್ದ ಹೋದ್ರ ನೀವ್ ಹೇಳಿದ್ದು ಖರೆ ಆದಂಗ. ನನ್ನ ಮಾಳಗಿಗೆ ಏನೂ ಆಗಂಗಿಲ್ಲ."

ಮೇಡಂ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಏನೋ ಹೇಳುತ್ತಿದ್ದರು, ನನಗೆ ಕೇಳಲಿಲ್ಲ. ಆಗ ತೊಲೆಯಿಂದ ಒಂದು ಸದ್ದು ಬಂತು. ಮುರಿಯುವ ಸದ್ದಲ್ಲ. ತುಕ್ಕು ಹಿಡಿದ ದೊಡ್ಡ ಬೀಗ ತೆರೆದ ಹಾಗೆ. ಮೇಲೆ ಗೋಣಿಚೀಲ ಪೂರ್ತಿ ಸರಿಯಿತು. ಬೆಳಕಿಂಡಿಯ ಅಂಚಿನಲ್ಲಿ ಸೊಸೆಯ ಮುಖ ಕಂಡಿತು. ಉಳಿದವರೆಲ್ಲ ಗೋಡೆ ಸೇರಿದ್ದರು, ಅವಳು ಸರಿದಿರಲಿಲ್ಲ.

"ಮಾವಾರ, ನೀವ್ ಹೊರಗ ಹೋಗೂತನಾ ನಾ ಇಲ್ಲಿಂದ ಸರಿಯಂಗಿಲ್ಲ."

"ಸರಿಯವಾ ಹುಚ್ಚಿ, ಸರಿ!"

"ನೀವ್ ಏಳ್ರಿ ಮೊದಲ."

ಅಜ್ಜಾರು ಮೇಲೆ ನೋಡಿದರು. ಅವರ ಮುಖದ ಮೇಲೆ ಮಣ್ಣು ಬೀಳುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ. ನಂತರ ಕುರ್ಚಿಯ ಕೈಗಳನ್ನು ಒತ್ತಿ ಎದ್ದರು. ಮೇಡಂ ಅವರ ಮೊಣಕೈ ಹಿಡಿದರು. ಆ ಪಡಸಾಲೆ ಉದ್ದವೇನಲ್ಲ. ಆದರೆ ಮುದುಕರ ನಡಿಗೆ... ಅವರು ಹೊಸ್ತಿಲಿಗೆ ಬಂದದ್ದನ್ನು ನೋಡಿದ ಮೇಲೆ ಸೊಸೆಯ ಮುಖ ಬೆಳಕಿಂಡಿಯಿಂದ ಮರೆಯಾಯಿತು.

ಇಬ್ಬರೂ ನನ್ನ ಪಕ್ಕಕ್ಕೆ ಬಂದು ನಿಂತ ಮೇಲೆ ನಡುವಿನ ಮಾಳಿಗೆ ಕುಸಿಯಿತು. ಅಷ್ಟು ದೊಡ್ಡ ಸದ್ದೂ ಆಗಲಿಲ್ಲ. ಚಕ್ಕಡಿ ಗಾಡಿಯಿಂದ ಮಣ್ಣು ಸುರಿದ ಹಾಗೆ, ಆದರೆ ಬಹಳ ಹೊತ್ತು ಸುರಿದ ಹಾಗೆ. ಬಾಗಿಲಿನಿಂದ ಧೂಳು ಹೊರಗೆ ನುಗ್ಗಿತು. ಧೂಳು ಇಳಿದಾಗ ಕುರ್ಚಿ ಇರಲಿಲ್ಲ. ಗುಡ್ಡೆಯ ಒಂದು ಬದಿಯಿಂದ ಪ್ರೊಜೆಕ್ಟರಿನ ಬೆಳಕು ಸಣ್ಣ ಗೆರೆಯಾಗಿ ಇನ್ನೂ ಬರುತ್ತಿತ್ತು. ಯಾರೋ ವಾಯರು ಕಿತ್ತ ಮೇಲೆ ಅದೂ ಹೋಯಿತು. ಗೋಡೆಯ ಮೇಲೆ ಕೂತಿದ್ದ ಹೆಂಗಸರ ಹೆಸರುಗಳನ್ನು ಅವರವರ ಮನೆಯವರು ಕೂಗುತ್ತಿದ್ದರು. ಪ್ರತಿ ಹೆಸರಿಗೂ ಮೇಲಿನಿಂದ ಉತ್ತರ ಬಂತು. ಸೊಸೆ ಗೋಡೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಅವಳನ್ನು ಪಕ್ಕದ ಮಾಳಿಗೆಯಿಂದ ಏಣಿ ಹಾಕಿ ಇಳಿಸಿದರು. ಯಾರಿಗೂ ಏನೂ ಆಗಿರಲಿಲ್ಲ.

ಅಜ್ಜಾರು ಗುಡಿಯ ಕಟ್ಟೆಯ ಮೇಲೆ ಕೂತು ನೀರು ಕುಡಿದು, ಮೇಡಂ ಕಡೆ ನೋಡಿ ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ನೀವ್ ಬರೂತನಾ ಅದು ನಿಂತಿತ್ತಲ್ರಿ, ಅಕ್ಕಾರ."

ಮೇಡಂ ತೋಳಿನ ಮೇಲಿನ ಧೂಳು ಒರೆಸಿಕೊಂಡರು. ಅವರ ಬಳಿ ಉತ್ತರ ಇತ್ತು. ಸ್ಲೈಡುಗಳ ತುಂಬ ಇದ್ದದ್ದು ಅದೇ.

ಆ ಮಾತು ನಮಗಿಂತ ಮೊದಲು ಗದಗ ಮುಟ್ಟಿತು. ಪ್ರೊಜೆಕ್ಟರಿನ ಶಾಖಕ್ಕೆ ತೊಲೆ ಸೀಳಿತು ಎಂದು ಕೆಲವರು ಹೇಳಿದರು. ಆ ಅಕ್ಕಾರು ಕಾಲಿಟ್ಟ ಮನೆ ಉಳಿಯುವುದಿಲ್ಲ ಎಂದು ಇನ್ನು ಕೆಲವರು. ಕಾಲೇಜಿನಲ್ಲಿ, ಇನ್ನು ಮುಂದೆ ಅನುಮತಿ ಇಲ್ಲದೆ ಹೊರಗೆ ಕಾರ್ಯಕ್ರಮ ಮಾಡಬಾರದು ಎಂದರು. ಅಂಥ ಮಾಳಿಗೆಯ ಕೆಳಗೆ ಜನರನ್ನು ಕೂಡಿಸಿದ್ದು ತಪ್ಪಲ್ಲವೇ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಅವರೆದುರೇ ಕೇಳಿದರು. "ಹೌದ್ರಿ, ತಪ್ಪು" ಎಂದಷ್ಟೇ ಮೇಡಂ ಹೇಳಿ ಕ್ಲಾಸಿಗೆ ಹೋದರು. ನಾನು ಆ ಪ್ರಶ್ನೆಯನ್ನು ಹಲವು ಸಲ ತಿರುಗಿಸಿ ನೋಡಿದ್ದೇನೆ. ಎರಡೂ ಕಡೆಗೂ ವಾಲುತ್ತದೆ. ನಾನು ತೀರ್ಮಾನ ಮಾಡಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಕಡೆಯ ಒಬ್ಬ ವಿದ್ಯಾರ್ಥಿನಿ ಒಂದು ಸುದ್ದಿ ತಂದಳು. ಅವರ ಊರುಗಳಲ್ಲಿ ಜನ ಮಾಳಿಗೆಯ ಮಣ್ಣು ಇಳಿಸತೊಡಗಿದ್ದರು. ಮಣ್ಣಿಳಿಸುವವರನ್ನು ಮನೆ ಬಿಚ್ಚುತ್ತೀರಾ ಎಂದು ಈಗ ಯಾರೂ ಕೇಳುತ್ತಿರಲಿಲ್ಲವಂತೆ. "ಆ ಅಕ್ಕಾರು ಬರೂದ್ರಾಗ ಇಳಿಸಿಬಿಡೂಣು, ಅಳ್ಯಾಕ ಬಂದ್ರ ಮನಿ ಉಳಿಯಂಗಿಲ್ಲ ಅಂತಾರ್ರಿ" ಎಂದು ಅವಳು ನಗುತ್ತಾ ಹೇಳಿದಳು. ನಾನು ಅದನ್ನು ಮೇಡಂಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಖುಷಿಯನ್ನೂ ಪಡಲಿಲ್ಲ.

"ಎರಡೂ ಕಡಿಂದ ಸಮಾ ಇಳಸಾಕತ್ತಾರೇನು ಕೇಳು ಆ ಹುಡುಗಿಗೆ. ಒಂದ ಕಡೆ ಖಾಲಿ ಮಾಡಿದ್ರ ಗ್ವಾಡಿ ವಾಲತಾವು."

ಆಮೇಲೆ ಅವರು ಯಾವ ಸಂಕಿರಣದಲ್ಲೂ ಮಾತಾಡಲಿಲ್ಲ. ಒಂದಕ್ಕೆ ಹೆಸರು ಕೊಟ್ಟಿದ್ದರು, ನಾನೂ ಜೊತೆಗೆ ಹೋಗಿದ್ದೆ. ದೀಪ ಆರಿಸಿ ಪ್ರೊಜೆಕ್ಟರು ಹಚ್ಚಿದ ಕೂಡಲೇ ಅವರು ತಲೆ ಎತ್ತಿ ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. "ಕ್ಷಮಿಸ್ರಿ" ಎಂದು ಹೇಳಿ ವೇದಿಕೆಯಿಂದ ಇಳಿದು ಬಂದರು. ನನಗೆ ಲಕ್ಷ್ಮೇಶ್ವರದಲ್ಲಿ ಕೆಲಸ ಸಿಕ್ಕು ನಾನು ಹೋದೆ. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಂದು ಸಂದೇಶ... ಅವರು ಜ್ವರ ಬಂದು ಮುಳಗುಂದದಲ್ಲಿ ತೀರಿಕೊಂಡದ್ದು ನನಗೆ ತಿಳಿದದ್ದು ಹದಿಮೂರನೆಯ ದಿನವೂ ಕಳೆದ ಮೇಲೆ.

ಕಳೆದ ತಿಂಗಳ ಆ ಸಂಕಿರಣ ಮುಗಿದ ಮರುದಿನ ನಾನು ಊರಿಗೆ ಮರಳದೆ ಮುಂಡರಗಿ ಬಸ್ಸು ಹತ್ತಿದೆ. ಡೋಣಿಯಲ್ಲಿ ಆ ಮನೆ ಇದೆ. ಕಲ್ಲಿನ ಗೋಡೆಗಳು ಹಾಗೇ ಇವೆ, ಮೇಲೆ ತಗಡು ಹಾಕಿದ್ದಾರೆ. ಅಜ್ಜಾರು ತೀರಿಹೋಗಿದ್ದರು. ಕೊನೆಯವರೆಗೂ ಅವರು ಆ ತಗಡಿನ ಕೆಳಗೆ ಮಲಗಲಿಲ್ಲವಂತೆ. ಸೊಸೆ ನನ್ನನ್ನು ಗುರುತು ಹಿಡಿದಳು. ಅವಳ ಕೂದಲು ಅಲ್ಲಲ್ಲಿ ಬಿಳಿಯಾಗಿತ್ತು.

"ಕುಂಡ್ರಿ ಅಕ್ಕಾರ" ಎಂದಳು. ಈಗ ನಾನು ಅಕ್ಕಾರು ಆಗಿದ್ದೆ.

ತಗಡು ಹೇಗಿದೆ ಎಂದು ಕೇಳಿದೆ. ಬೇರೇನು ಕೇಳಬೇಕೋ ತಿಳಿಯಲಿಲ್ಲ.

"ಬ್ಯಾಸಗ್ಯಾಗ ಬೇಯತೈತ್ರಿ. ಮಳಿ ಬಂದ್ರ ಒಬ್ಬರ ಮಾತ ಒಬ್ಬರಿಗೆ ಕೇಳಂಗಿಲ್ಲ. ಆದ್ರ ಮಕ್ಕಳನ್ನ ಮಲಗಿಸಿ ಕಣ್ಣ ಮುಚ್ಚತೀನ್ರಿ. ಮೊದಲೆಲ್ಲಾ ಮಳಿ ಬಂದ್ರ ಕುಂತಾಕಿ ಕುಂತಽ ಇರ್ತಿದ್ದೆ." ಚಹಾದ ಕಪ್ಪು ನನ್ನ ಕೈಗೆ ಕೊಟ್ಟು ಕೇಳಿದಳು, "ಆ ದೊಡ್ಡ ಅಕ್ಕಾರು ಹೆಂಗದಾರ್ರಿ? ಈ ಕಡೆ ಬರಲೇ ಇಲ್ಲ, ನಮ್ಮ ಮ್ಯಾಲ ಸಿಟ್ಟಿರಬೇಕು ಅವ್ರಿಗೆ."

ನಾನು ಹೇಳಿದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಕೈ ಒಣಗಿಯೇ ಇತ್ತು.

"ಖಬರ ಹೇಳಿ ಕಳಸಬೇಕಾಗಿತ್ರಿ" ಎಂದಳು. "ಊರಿಗೆ ಊರ ಬರತಿತ್ತು."

ಊರು ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಬರುತ್ತಿದ್ದಳು.